ಹಂಪೆಯಲ್ಲಿ ನಾವು ನೋಡಬೇಕಾದದ್ದು



ಸಿಂಗಾನಲ್ಲೂರು, ತಿರುಪ್ಪೂರು ಕಡೆಯಿಂದ ಹಂಪೆಗೆ ಹೋಗುವವರು ವಿರೂಪಾಕ್ಷನಿಗೆ ಕೈಮುಗಿದು, ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು, ಸಂಜೆಗೆ ಹೊಸಪೇಟೆಯಲ್ಲಿ ರೈಲು ಹತ್ತುವುದುಂಟು. ಇಷ್ಟಕ್ಕೇ ಅಷ್ಟು ದೂರ ಹೋಗಬೇಕೆ? ನಾವು ಹೊಲವನ್ನೂ ಅಂಗಡಿಯನ್ನೂ ನಂಬಿ ಬಾಳುವ ಜನ. ನಮಗೆ ಹಂಪೆ ಹೇಳುವ ಪಾಠ ಬೇರೆಯೇ ಇದೆ.

ಮೊದಲು ಸ್ವಲ್ಪ ಇತಿಹಾಸ ತಿಳಿಯೋಣ. ವಿಜಯನಗರ ಸ್ಥಾಪನೆಯಾದದ್ದು 1336ರಲ್ಲಿ ಎಂದು ಹೇಳುತ್ತಾರೆ. ನಮ್ಮ ಕೊಂಗುನಾಡೂ ಮುಂದೆ ಅದರ ಆಳ್ವಿಕೆಗೆ ಸೇರಿತು. ಅದಕ್ಕೂ ಮೊದಲೇ ಹಂಪೆ ಶಿವಕ್ಷೇತ್ರವಾಗಿತ್ತು. ಶರಣರ ರಗಳೆಗಳನ್ನು ಬರೆದ ಹರಿಹರ ಕವಿ ವಿರೂಪಾಕ್ಷನ ಭಕ್ತನು. ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ, ಚಾಮರಸ ಮೊದಲಾದವರು ಇದ್ದರು. 1565ರ ಜನವರಿಯಲ್ಲಿ ರಕ್ಕಸತಂಗಡಿ ಯುದ್ಧದಲ್ಲಿ ಸೋತ ಮೇಲೆ ನಗರ ಲೂಟಿಯಾಗಿ ಪಾಳುಬಿತ್ತು. 1986ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವ್ಯಾಪಾರ ಮಾಡುವವರು ಇಲ್ಲಿಯ ಪೇಟೆಬೀದಿಗಳನ್ನು ನಡೆದು ನೋಡಬೇಕು. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ಈ ನಾಲ್ಕು ಗುಡಿಗಳ ಮುಂದೆಯೂ ನೇರವಾದ ಬೀದಿ, ಅದರ ಬದಿಗೆ ಕಲ್ಲುಕಂಬಗಳ ಸಾಲು. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕನು ಇಲ್ಲಿ ರತ್ನಗಳನ್ನು ಬಯಲಲ್ಲೇ ಮಾರುತ್ತಿದ್ದರೆಂದು ಬರೆದಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸನನ್ನು ಬೆರಗುಗೊಳಿಸಿದ್ದರಲ್ಲಿ ಧಾನ್ಯದ ಸಮೃದ್ಧಿಯೂ ಒಂದು. ಇಂದು ಆ ಸಾಲುಗಳಲ್ಲಿ ಉಳಿದಿರುವುದು ಕಂಬ ಮಾತ್ರ.

ಆ ಧಾನ್ಯ ಎಲ್ಲಿಂದ ಬಂತು? ಇದನ್ನು ರೈತರು ಕೇಳಬೇಕು. ಗುಡಿಗಳ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವೆ ಹಸಿರು ಕಣಿವೆಯೊಂದಿದೆ. ತುಂಗಭದ್ರೆಗೆ ಅಡ್ಡಗಟ್ಟೆ ಹಾಕಿ ಅರಸರ ಕಾಲದಲ್ಲಿ ತೆಗೆದ ತುರ್ತು ಕಾಲುವೆ ಅಲ್ಲಿ ಹರಿಯುತ್ತದೆ. ಅರಮನೆ ಹೋಯಿತು, ಪೇಟೆ ಹೋಯಿತು. ಕಾಲುವೆ ಮಾತ್ರ ಈಗಲೂ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿದೆ. ಏಕೆಂದರೆ ರೈತರಿಗೆ ಅದು ಬೇಕಾಗಿತ್ತು. ಬೇಕಾದದ್ದನ್ನು ಕಾಪಾಡಿಕೊಂಡು ಬಂದರು. ಅರಮನೆಯ ಭಾಗದಲ್ಲಿ 1980ರ ದಶಕದಲ್ಲಿ ಅಗೆದು ತೆಗೆದ ಮೆಟ್ಟಿಲುಗಳ ಪುಷ್ಕರಣಿಯನ್ನೂ ನೋಡಿರಿ. ಯಾವ ಕಲ್ಲು ಎಲ್ಲಿ ಕೂರಬೇಕೆಂಬ ಗುರುತನ್ನು ಕಲ್ಲಿನ ಮೇಲೆ ಕನ್ನಡದಲ್ಲಿ ಕೊರೆದಿದ್ದಾರೆ. ತಮಿಳು ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಅದನ್ನು ತಪ್ಪದೆ ತೋರಿಸಬೇಕು.

ಈ ಪಾಠವನ್ನು ನಮ್ಮ ಊರಿಗೆ ಹೊಂದಿಸಿ ನೋಡೋಣ. ನೊಯ್ಯಲ್ ಹೊಳೆಗೆ ಅಡ್ಡಗಟ್ಟೆ ಕಟ್ಟಿ, ಕಾಲುವೆಯಿಂದ ಕೆರೆ ತುಂಬಿಸುವ ಏರ್ಪಾಡನ್ನು ಹಿಂದಿನವರು ಇಲ್ಲಿಯೂ ಮಾಡಿದ್ದರು. ಸಿಂಗಾನಲ್ಲೂರಿನ ಕೆರೆ ಆ ಸಾಲಿನದೇ. ಅದಕ್ಕೆ ಇಂದು ಊರಿನ ಕೊಳಚೆ ಸೇರುತ್ತಿದೆ. ಕೆಳಗೆ ತಿರುಪ್ಪೂರಿನ ಬಣ್ಣದ ನೀರು ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತು ಹೊಲ, ಬಾವಿಗಳನ್ನು ಕೆಡಿಸಿತು; 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಬಣ್ಣ ಹಾಕುವ ಘಟಕಗಳನ್ನು ಮುಚ್ಚಿಸಬೇಕಾಯಿತು. ಹಂಪೆಯನ್ನು ಶತ್ರುಗಳು ಹಾಳುಮಾಡಿದರು. ನಮ್ಮ ಹೊಳೆಗೆ ಯಾವ ಶತ್ರು ಬಂದಿದ್ದ? ಅಂಗಡಿಯವನೂ ಹೊಲದವನೂ ಒಂದೇ ನೀರಿನ ಮಕ್ಕಳೆಂಬುದನ್ನು ಮರೆತದ್ದೇ ಇದಕ್ಕೆ ಕಾರಣ.

ಹೋಗುವವರು ಎರಡು ದಿನವಾದರೂ ಇಟ್ಟುಕೊಳ್ಳಿರಿ. ಮೊದಲು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿರುವ ಹಂಪೆಯ ಮಾದರಿಯನ್ನು ನೋಡಿದರೆ ದಾರಿ ತಿಳಿಯುತ್ತದೆ. ವಿಠ್ಠಲ ಗುಡಿಯ ಸಂಗೀತದ ಕಂಬಗಳನ್ನು ಬಡಿಯಬಾರದು. ಕಲ್ಲಿನ ಮೇಲೆ ಹೆಸರು ಗೀಚಬಾರದು. ಊಟದ ಎಲೆ, ಪ್ಲಾಸ್ಟಿಕ್ ಅಲ್ಲಿ ಎಸೆಯಬಾರದು. ಹಿಂತಿರುಗಿದ ಮೇಲೆ ಮಕ್ಕಳನ್ನು ನಮ್ಮ ಕೆರೆಯ ಏರಿಯ ಮೇಲೂ ಒಮ್ಮೆ ಕರೆದುಕೊಂಡು ಹೋಗಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿರಿ. ಕೆರೆಯನ್ನು ಕಾಯುವುದೂ ಕಾಯಕವೇ.