ಹೆಸರು ಕೇಳದ ಕ್ಲಾರಿನೆಟ್ ಕೊಳ್ಳುವ ಮುನ್ನ

ಹಳೆಯ ಕ್ಲಾರಿನೆಟ್ ಒಂದು ಕಡಿಮೆ ಬೆಲೆಗೆ ಸಿಕ್ಕಿದೆ, ಮೇಲಿನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ ಅಂದರೆ ಗಾಬರಿ ಬೇಡ. ಒಂದು ಕಾಲದಲ್ಲಿ ಯುರೋಪಿನ ಕಾರ್ಖಾನೆಗಳು ತಯಾರಿಸಿದ ವಾದ್ಯಕ್ಕೆ ಅಂಗಡಿಯವರು ತಮ್ಮದೇ ಹೆಸರು ಒತ್ತಿಸಿ ಮಾರುತ್ತಿದ್ದರು. ಹಾಗಾಗಿ ಅಪರಿಚಿತ ಮುದ್ರೆಯ ಹಿಂದೆ ಒಳ್ಳೆಯ ಕೈಕೆಲಸವೂ ಇರಬಹುದು, ಕಳಪೆಯೂ ಇರಬಹುದು. ‘ಪ್ಯಾರಿಸ್’ ಎಂಬ ಅಕ್ಷರ ನೋಡಿ ಮಾತ್ರ ಮರುಳಾಗಬೇಡಿ.

ಮುದ್ರೆಯ ಬಳಿ ‘ಎಚ್‌ಪಿ’ (ಹೈ ಪಿಚ್) ಎಂದಿದ್ದರೆ ಕೊಳ್ಳಲೇಬೇಡಿ. ಅದು ಈಗಿನ 440 ಹರ್ಟ್ಸ್ ಶ್ರುತಿಗಿಂತ ಏರಿದ ಹಳೆಯ ಬ್ಯಾಂಡ್ ಶ್ರುತಿಯದು; ಬ್ಯಾರೆಲ್ ಎಷ್ಟು ಹೊರಗೆಳೆದರೂ ಎಲ್ಲ ಸ್ವರ ಒಟ್ಟಿಗೆ ಸರಿಹೋಗುವುದಿಲ್ಲ. ‘ಎಲ್‌ಪಿ’ (ಲೋ ಪಿಚ್) ಇದ್ದರೆ ಮುಂದುವರಿಯಿರಿ. ಬೋಮ್ ಪದ್ಧತಿ ಕಲಿಯುವವರು 17 ಕೀ, 6 ರಿಂಗ್ ಇವೆಯೇ ಎಂದು ಎಣಿಸಿ ನೋಡಲಿ.

ನಂತರ ಮೇಲಿನ ತುಂಡನ್ನು ಮಾತ್ರ ಬಿಡಿಸಿ, ತಳವನ್ನು ಅಂಗೈಯಿಂದ ಮುಚ್ಚಿ, ಬೆರಳುಗಳಿಂದ ರಂಧ್ರಗಳನ್ನೆಲ್ಲ ಒತ್ತಿ ಗಾಳಿ ಹೀರಿ. ಹಿಡಿತ ಕೆಲವು ಕ್ಷಣ ನಿಲ್ಲಬೇಕು. ತಕ್ಷಣ ಸಡಿಲವಾದರೆ ಪ್ಯಾಡ್ ಸೋರುತ್ತಿದೆ, ಇಲ್ಲವೇ ಮರ ಬಿರುಕು ಬಿಟ್ಟಿದೆ. ಪ್ಯಾಡ್ ಬದಲಿಸಬಹುದು. ಆದರೆ ಕೀಗಳ ಲೋಹ ಮೆದುವಾಗಿ, ಬೆರಳಿನ ಒತ್ತಡಕ್ಕೇ ಬಾಗುವಂತಿದ್ದರೆ ರಿಪೇರಿಗೆ ಹಾಕುವ ಹಣ ದಂಡ.

ಕೊನೆಗೆ ನಿಮ್ಮದೇ ಒಳ್ಳೆಯ ಮೌತ್‌ಪೀಸ್ ಹಾಕಿ ನುಡಿಸಿ. ಕೆಳಗಿನ ಸ್ವರವೊಂದನ್ನು ಷಡ್ಜವೆಂದು ಹಿಡಿದು ರಿಜಿಸ್ಟರ್ ಕೀ ಒತ್ತಿದರೆ ತಾರಸ್ಥಾಯಿಯ ಪಂಚಮ ಕೇಳಬೇಕು. ಅದು ತಂಬೂರಿಗೆ ಒಪ್ಪುವಂತಿದ್ದರೆ, ಹೆಸರು ಯಾವುದಾದರೂ ಇರಲಿ, ಧೈರ್ಯವಾಗಿ ಕೊಳ್ಳಿ.