ಕರುಳಿನ ಜೀವಾಣುಗಳಿಗೂ ಮೇವು ಬೇಕು

ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು, ಗೊರಸು, ಸುಳಿ ನೋಡುತ್ತೇವೆ. ಸಗಣಿಯನ್ನೂ ನೋಡುತ್ತೇವೆ. ಸಗಣಿ ಸರಿಯಿದ್ದರೆ ಹೊಟ್ಟೆ ಸರಿ ಅನ್ನೋ ಲೆಕ್ಕ. ನಮ್ಮ ಮೈಗೆ ಮಾತ್ರ ಈ ಲೆಕ್ಕ ಹಾಕುವುದಿಲ್ಲ. ಮಲದಲ್ಲಿ ರಕ್ತ ಕಂಡರೂ 'ಮೂಲವ್ಯಾಧಿ, ಉಷ್ಣ' ಅಂತ ವರ್ಷಗಟ್ಟಲೆ ನಾಟಿ ಔಷಧಿಯಲ್ಲೇ ಕಾಲ ತಳ್ಳಿದವರನ್ನು ನಮ್ಮ ಸೀಮೆಯಲ್ಲಿ ನೋಡಿದ್ದೇನೆ. ಒಬ್ಬಿಬ್ಬರಿಗೆ ಅದು ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಆ ಮೇಲೆ ಓದಿ, ತಿಳಿದವರನ್ನು ಕೇಳಿ ಅರ್ಥಮಾಡಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಹುಲ್ಲು ಕರಗಿಸುವವರು ಯಾರು?

ಹುಲ್ಲು ತಿನ್ನೋದು ಹಸು, ಕರಗಿಸೋದು ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು. ನಮ್ಮ ದೊಡ್ಡ ಕರುಳಿನಲ್ಲೂ ಇಂಥ ಕೋಟ್ಯಂತರ ಜೀವಿಗಳಿವೆ. ರಾಗಿ, ಕಾಳು, ಸೊಪ್ಪಿನ ನಾರು ನಮಗೆ ಜೀರ್ಣವಾಗದೆ ಅಲ್ಲಿಗೆ ಹೋಗುತ್ತೆ. ಅದನ್ನು ಹುಳಿ ಬರಿಸಿ ಅವು 'ಬ್ಯೂಟಿರೇಟ್' ಎಂಬ ವಸ್ತು ಮಾಡುತ್ತವೆ. ಹಳೇ ಬೆಣ್ಣೆಗೆ ಕಮಟು ವಾಸನೆ ಕೊಡುವ ಆಮ್ಲವೂ ಇದೇ. ಕರುಳಿನ ಒಳಪದರದ ಜೀವಕೋಶಗಳಿಗೆ ಇದು ಮುಖ್ಯ ಆಹಾರ. ಉರಿಯೂತವನ್ನು ತಗ್ಗಿಸುತ್ತದೆ. ಕೊಬ್ಬು ಹೆಚ್ಚಾದರೆ ಪಿತ್ತರಸ ಜಾಸ್ತಿ ಸುರಿಯುತ್ತದೆ. ಬೇರೆ ಕೆಲವು ಬ್ಯಾಕ್ಟೀರಿಯಾ ಅದನ್ನು ಕರುಳಿಗೆ ಕೆಡುಕು ಮಾಡುವ ರೂಪಕ್ಕೆ ತಿರುಗಿಸುತ್ತವೆ.

ಊಟದ ಅದಲು ಬದಲು

2015ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಅಮೆರಿಕದ 20 ಮಂದಿ ಕರಿಯರಿಗೆ ದಕ್ಷಿಣ ಆಫ್ರಿಕದ ಹಳ್ಳಿ ಊಟ, ಅಲ್ಲಿನ 20 ಹಳ್ಳಿಗರಿಗೆ ಅಮೆರಿಕದ ಊಟ, ಎರಡು ವಾರ. ಅಮೆರಿಕದವರ ನಾರು ದಿನಕ್ಕೆ ಸುಮಾರು 14 ಗ್ರಾಂನಿಂದ 55ಕ್ಕೇರಿತು, ಬ್ಯೂಟಿರೇಟ್ ಎರಡೂವರೆ ಪಟ್ಟಾಯಿತು, ಕರುಳಿನ ಉರಿಯೂತ ಇಳಿಯಿತು. ಹಳ್ಳಿಗರಲ್ಲಿ ಬ್ಯೂಟಿರೇಟ್ ಅರ್ಧಕ್ಕಿಳಿಯಿತು. ಎರಡು ವಾರದಲ್ಲಿ ಕ್ಯಾನ್ಸರ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆದರೆ ಕರುಳು ಎಷ್ಟು ಬೇಗ ಬದಲಾಗುತ್ತದೆ ನೋಡಿ!

ನಮ್ಮ ತಟ್ಟೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆನ್ನುತ್ತದೆ. ಮುದ್ದೆ, ಬಸ್ಸಾರು, ಹುರುಳಿಕಾಳು, ಮಸ್ಸೊಪ್ಪು ಇದ್ದರೆ ಇದು ಕಷ್ಟವಲ್ಲ. ಕಾಲುವೆ ಬಂದ ಕಡೆ ಅನ್ನವೇ ಮೂರು ಹೊತ್ತಾದರೆ ಮಾತ್ರ ಲೆಕ್ಕ ತಪ್ಪುತ್ತದೆ. ರಾಗಿ ಹಿಟ್ಟನ್ನು ತೀರಾ ನಯವಾಗಿ ಜರಡಿ ಹಿಡಿಯಬೇಡಿ.

ಬರೀ ಬೂಸ ತಿಂದರೆ ಸಾಕೆ? ಸಾಲದು. ಕರುಳಿನ ಗಂಟು ತೆಗೆಸಿಕೊಂಡವರಿಗೆ ಗೋಧಿ ಬೂಸ ಕೊಟ್ಟು ನೋಡಿದ ಪ್ರಯೋಗದಲ್ಲಿ (2000) ಗಂಟು ಮತ್ತೆ ಬರುವುದು ಕಡಿಮೆಯಾಗಲಿಲ್ಲ. ಬೇಕಾದ್ದು ಬಹುಕಾಲದ ಊಟದ ರೂಢಿ. ಮದ್ಯ, ಬೀಡಿ, ಸಿಗರೇಟು ಈ ಕಾಯಿಲೆಯ ಅಪಾಯ ಹೆಚ್ಚಿಸುತ್ತವೆ. ಹೊಗೆಸೊಪ್ಪು ಬೆಳೆಯುವ ನಾವು ಇದನ್ನು ಮರೆಯಬಾರದು.

ಕಾಯಿಲೆ ಬಂದವರಿಗೆ

ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡದಿದ್ದ 1,575 ಮಂದಿಯನ್ನು ಗಮನಿಸಿದ ಅಮೆರಿಕದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಾಯಿಲೆ ಗೊತ್ತಾದ ಮೇಲೆ ದಿನಕ್ಕೆ 5 ಗ್ರಾಂ ಹೆಚ್ಚು ನಾರು ತಿಂದವರಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಶೇ. 22ರಷ್ಟು ಕಡಿಮೆಯಿತ್ತು. ನಾರಿನಿಂದಲೇ ಹಾಗಾಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಶಸ್ತ್ರಚಿಕಿತ್ಸೆ, ಕೀಮೋ ಬಿಟ್ಟು ಮುದ್ದೆ ನಂಬಿ ಕೂರಬೇಡಿ. ಕರುಳು ಕಟ್ಟಿಕೊಂಡವರಿಗೆ, ಆಪರೇಷನ್ ಆದ ಹೊಸತರಲ್ಲಿ ನಾರು ತೊಂದರೆ ಕೊಡಬಹುದು. ವೈದ್ಯರನ್ನು ಕೇಳಿಯೇ ತಿನ್ನಿ.

ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲದ ರೂಢಿ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ: ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕರುಳಿನ ದುರ್ಬೀನು ಪರೀಕ್ಷೆ ಬೇಕೇ ಅಂತ ನೀವಾಗಿಯೇ ಕೇಳಿ. ಮನೆಯಲ್ಲಿ ಅಪ್ಪ, ಅಣ್ಣ, ಅಕ್ಕ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ತೊಂದರೆ ಕಾಣುವ ಮೊದಲೇ ಕೇಳಿ. ಮೊದಲ ಹಂತದಲ್ಲೇ ಸಿಕ್ಕಿದರೆ ಬಹುಪಾಲು ಜನ ಗುಣವಾಗುತ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.