ಸಲಹೆಗಾರನ ಶುಲ್ಕದ ಲೆಕ್ಕ

ಸದಸ್ಯ ಬಾಂಧವರೇ, ಕಬ್ಬಿನ ಬಿಲ್ಲಿನಲ್ಲಿ ಕಟಾವು-ಸಾಗಣೆಗೆ ಟನ್ನಿಗೆ ಹತ್ತು ರೂಪಾಯಿ ಹೆಚ್ಚು ಮುರಿದರೆ ಕಚೇರಿಗೆ ಬಂದು ಲೆಕ್ಕ ಕೇಳುತ್ತೀರಿ. ಹಣ ಹೂಡುವ ಸಲಹೆಗಾರನು ‘ವರ್ಷಕ್ಕೆ ನೂರಕ್ಕೆ ಒಂದೇ’ ಎಂದರೆ ಮಾತ್ರ ತಲೆಯಾಡಿಸುತ್ತೀರಿ.

ಅದನ್ನು ರೂಪಾಯಿಗೆ ಇಳಿಸಿ ನೋಡಿರಿ. 5 ಲಕ್ಷಕ್ಕೆ 5,000. ಹಣ ನೂರಕ್ಕೆ ಎಂಟರಂತೆ ಬೆಳೆದರೆ ಹುಟ್ಟುವಳಿ 40,000. ಅದರಲ್ಲಿ ಎಂಟನೇ ಒಂದು ಪಾಲು ಅವನದು. ನಾಲ್ಕರಂತೆ ಬೆಳೆದರೆ ಕಾಲು ಪಾಲು. ನಷ್ಟದ ವರ್ಷವೂ ಶುಲ್ಕ ತಪ್ಪದು. ಇದು ನಾಟಿಗೊಮ್ಮೆ ಕೊಡುವ ಕೂಲಿಯಲ್ಲ, ಪ್ರತಿ ಕೂಳೆಗೂ ಕೊಡುವಂಥದು.

‘ಫೀ ಬೇಡ’ ಎನ್ನುವವನಿಗೆ ಮ್ಯೂಚುಯಲ್ ಫಂಡಿನ ಕಮಿಷನ್ ನಿಮ್ಮ ಹಣದಿಂದಲೇ ಹೋಗುತ್ತದೆ. 2013ರಿಂದ ಇರುವ ‘ಡೈರೆಕ್ಟ್’ ಯೋಜನೆಯಲ್ಲಿ ಅದಿಲ್ಲ. ಮೊದಲು ಸೆಬಿ ನೋಂದಣಿ ಸಂಖ್ಯೆ ಕೇಳಿರಿ. ಸೊಸೈಟಿ ಸಾಲ ತೀರಿಸಿ ಉಳಿದದ್ದನ್ನು ಬ್ಯಾಂಕಿನಲ್ಲಿ ಮುದ್ದತ್ತಿಗೆ ಇಡುವವರಿಗೆ ವರ್ಷವರ್ಷದ ಶುಲ್ಕವೇ ಬೇಡವೆಂದು ನನ್ನ ಅಭಿಪ್ರಾಯ.